ಹಿಂದಿನ ಎರಡು ಟೈರು

ಟೈರ್ ಅಂಗಡಿಯ ತಿಮ್ಮೇಶ್ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಎಲ್ಲಿಯೂ ತಡೆಯಲಿಲ್ಲ.

“ಮೇಡಂ, ಇದು ಟೈರಲ್ಲ, ನಮ್ಮಪ್ಪನ ಬೋಳುತಲೆ. ಇದರ ಮೇಲೆ ಬಸವಾಪಟ್ಟಣದಿಂದ ಚನ್ನಗಿರಿ ಮುಟ್ಟೀರಲ್ಲ, ಅದೇ ದೊಡ್ಡದು.”

ನೇತ್ರಾವತಿ ನಗಲಿಲ್ಲ. ಅಷ್ಟು ದೂರವನ್ನೂ ಎರಡನೇ ಗೇರಿನಲ್ಲೇ ಓಡಿಸಿಕೊಂಡು ಬಂದಿದ್ದಳು. ಸ್ಟಿಯರಿಂಗ್ ಹಿಡಿದ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ. ಕಾರು ಕಲಿತು ಎರಡು ತಿಂಗಳು. ನಾಳೆ ಇದರಲ್ಲೇ ಅತ್ತೆಯನ್ನು ಕೂರಿಸಿಕೊಂಡು ಜಗಳೂರು ದಾರಿ ಹಿಡಿಯಬೇಕು. ಗಂಡ ರಂಗನಾಥನ ಸಾವಿನ ಮೇಲೆ ಅವಳಿಗೆ ಸಿಕ್ಕ ಗುಮಾಸ್ತೆಯ ಕೆಲಸ ಆ ಕಡೆಯ ಬಿಳಿಚೋಡಿನ ಶಾಲೆಯಲ್ಲಿತ್ತು. ಅವಳಿಗೆ ತವರು ಎಂಬುದು ಉಳಿದಿರಲಿಲ್ಲ. “ನಾನು ಬರ್ತೀನಿ ನಡಿ, ಒಬ್ಬಳೇ ಹೆಂಗಿರ್ತೀಯ” ಎಂದವರು ಅತ್ತೆ ಸಾವಂತ್ರಮ್ಮ ಮಾತ್ರ. ಅವರೀಗ ಅವಳ ಬೆನ್ನಹಿಂದೆ, ಅಂಗಡಿಯ ಸ್ಟೂಲಿನ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

ರಂಗನಾಥ ಆಸೆಪಟ್ಟು ಕೊಂಡ ಕಾರು ಅದು. ಪುಟ್ಟದು, ಕೆಂಪು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹೋದ ವರ್ಷ ಇದೇ ದಿನಗಳಲ್ಲಿ ನ್ಯಾಮತಿ ರಸ್ತೆಯಲ್ಲಿ ಗಿರ್ರನೆ ತಿರುಗಿ, ಅವನು ಕೂತ ಬದಿಯೇ ಹುಣಸೆಮರಕ್ಕೆ ಬಡಿದಿತ್ತು. ಬಡಿದದ್ದನ್ನು ಸರಿ ಮಾಡಿಸಿದ ಮೇಲೂ ಸತ್ತವನ ಗಾಡಿ ಎಂದು ಯಾರೂ ಕೊಳ್ಳಲಿಲ್ಲ.

ತಿಮ್ಮೇಶನಿಗೆ ಇದೊಂದೂ ಗೊತ್ತಿರಲಿಲ್ಲ. ಒಳಗಿನಿಂದ ಎರಡು ನಮೂನೆಯ ಟೈರು ಉರುಳಿಸಿಕೊಂಡು ಬಂದ.

“ಇದು ಅಗಲ. ನಿಮ್ಮ ಗಾಡಿ ಶೋಕಿಗೆ ಒಪ್ತೈತೆ, ಒಣ ರೋಡಲ್ಲಿ ಹಾವು ಹೋದಂಗೆ ಹೋಗ್ತೈತೆ. ಇನ್ನೊಂದು ನೋಡಾಕೆ ಸಾಧಾರಣ. ಆದ್ರೆ ಗೀರು ಆಳ ಐತೆ, ನೀರು ಹೊರಗೆ ತಳ್ತೈತೆ. ಮಳೆಗೂ ಆಯ್ತು, ಬಿಸಿಲಿಗೂ ಆಯ್ತು. ಯಾವ ಕಡೆ ಓಡಾಟ ನಿಮ್ದು?”

“ಜಗಳೂರು.”

“ಹಂಗಾದ್ರೆ ಕೇಳ್ರಿ. ಈಗ ಆ ಕಡೆ ರೋಡ್ ತುಂಬ ರಾಗಿ, ಹುರುಳಿ ಹರವಿರ್ತಾರೆ, ಗಾಡಿ ಹತ್ತಿ ಕಾಳು ಉದುರ್ಲಿ ಅಂತ. ಆ ಹುಲ್ಲಿನ ಮೇಲೆ ಅಪ್ಪಿತಪ್ಪಿ ಬ್ರೇಕ್ ಒತ್ತಬ್ಯಾಡ್ರಿ. ಇಬ್ಬನಿ ಬಿದ್ದಿದ್ರಂತೂ ಎಣ್ಣೆ ಚೆಲ್ಲಿದಂಗೆ.”

ರಂಗನಾಥ ಹೋದ ದಿನ ತುಂತುರು ಬಿದ್ದಿತ್ತು. ಹರವಿದ್ದದ್ದು ರಾಗಿ.

“ಇವೆರಡರಲ್ಲಿ ಯಾವುದು ಜಾರೋದಿಲ್ಲ?”

“ಜಾರದ ಟೈರ್‌ನ ಯಾವ ಕಂಪನೀನೂ ಮಾಡಿಲ್ಲ ಮೇಡಂ. ಕಡಿಮೆ ಜಾರೋದು ಇದು.” ಅವನು ಆಳ ಗೀರಿನದನ್ನು ತಟ್ಟಿದ.

“ಅದನ್ನೇ ಹಾಕಿ.”

ತಿಮ್ಮೇಶ್ ಜಾಕು ಕೊಟ್ಟು ಕಾರು ಎತ್ತಿದ. ಬೋಳು ಟೈರು ಎರಡನ್ನೂ ಕಳಚಿ ಎಸೆದು, ಮುಂದಿನವನ್ನೂ ಒಮ್ಮೆ ನೋಡಿಬಿಡೋಣವೆಂದು ಆ ಕಡೆ ಬಗ್ಗಿದವನು ಹಾಗೇ ನಿಂತ.

“ಇವು ಹೊಸವು ಅದಾವಲ್ಲ?”

“ಹೋದ ವರ್ಷ ಹೊನ್ನಾಳಿಯಲ್ಲಿ ಹಾಕ್ಸಿದ್ದು. ಎರಡೇ.”

“ಎರಡು ತಂದು, ಅವನ್ನ ಮುಂದಕ್ಕೆ ಹಾಕಿ, ಬೋಳು ಹಿಂದೆ ಬಿಟ್ಟೀರಾ? ಪೂರ್ತಿ ಉಲ್ಟಾ ಮಾಡೀರಿ. ಎರಡೇ ಹೊಸವು ಅಂದ್ರೆ ಹಿಂದಕ್ಕೆ ಹಾಕ್ಬೇಕು. ಮುಂದಿನವು ಜಾರಿದ್ರೆ ಸ್ಟಿಯರಿಂಗ್ ಕೈಯಾಗಿರ್ತೈತೆ, ಹೆಂಗೋ ತಡೀಬೌದು. ಹಿಂದಿನವು ಜಾರಿದ್ರೆ ಗಾಡಿ ಬುಗುರಿ ತಿರುಗಿದಂಗೆ ತಿರುಗ್ತೈತೆ. ಎಂಥ ಡ್ರೈವರ್ ಆದ್ರೂ ಏನು ಮಾಡ್ತಾನೆ, ಪಾಪ.” ಅವನು ಕೈ ಒರೆಸಿಕೊಂಡ. “ಮುಂದಕ್ಕೆ ಹಾಕ್ಸು ಅಂತ ಯಾವ ಪುಣ್ಯಾತ್ಮ ಹೇಳಿದ್ದು?”

ಹೊನ್ನಾಳಿಯ ಅಂಗಡಿಯ ಮುಂದೆ ಕಾರಿನಲ್ಲಿ ಕೂತೇ ರಂಗನಾಥ ಕೇಳಿದ್ದ, ಎಲ್ಲಿಗೆ ಹಾಕಿಸೋಣ ಎಂದು. “ಒಳ್ಳೆಯವು ಮುಂದಕ್ಕಿರ್ಲಿ, ನೀವು ಕೂರೋ ಕಡೆ” ಎಂದವಳು ನೇತ್ರಾವತಿಯೇ. ಹಿಂದಿನ ಸೀಟಿನಿಂದ ಅತ್ತೆ ಛೇಡಿಸಿದ್ದರು: “ಹೂಂ ಕಣವ್ವ, ನಿನ್ನ ಗಂಡ ಉಳಿದ್ರೆ ಸಾಕು. ಹಿಂದೆ ಕೂತ ಮುದುಕಿ ಎತ್ತಲಾಗಾದ್ರೂ ಹೋಗ್ಲಿ.” ಮೂವರೂ ನಕ್ಕಿದ್ದರು. ಅದಾದ ಎಂಟನೇ ದಿನ ಅವನು ಹೋದ.

ಹಿಂದೆ ಅಡಕತ್ತರಿಯ ಸದ್ದು ನಿಂತಿತ್ತು.

ಅವಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆ ರಸ್ತೆಯಲ್ಲಿ ರಾಗಿ ಹರವಿದವರ ಕೈ ಸೇದಿಹೋಗಲಿ, ಅವರ ಮನೆ ದೀಪ ಆರಲಿ ಎಂದು ಅತ್ತೆ ವರ್ಷವಿಡೀ ಶಾಪ ಹಾಕಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಆ ಶಾಪವೆಲ್ಲ ಈಗ ದಾರಿ ಬದಲಿಸಿ ತನ್ನ ಬೆನ್ನಿಗೆ ಬಂದು ನಿಂತಂತೆ ಅವಳಿಗೆ ಅನಿಸಿತು. ನಾಳೆ ಒಬ್ಬಳೇ ಹೋಗು ಎಂದರೆ? ಮಗನನ್ನು ತಿಂದವಳು ಎಂದು ಇಲ್ಲೇ, ಬಜಾರಿನ ನಡುವೆ ಕೂಗಿದರೆ?

ಸ್ಟೂಲು ಕಿರುಗುಟ್ಟಿತು. ಚಪ್ಪಲಿಯ ಸದ್ದು ನಿಧಾನವಾಗಿ ಹತ್ತಿರ ಬಂದು ಅವಳ ಪಕ್ಕದಲ್ಲಿ ನಿಂತಿತು.

“ನಾನೇ ಕಣಪ್ಪ ಹೇಳಿದ್ದು” ಎಂದರು ಸಾವಂತ್ರಮ್ಮ.

ತಿಮ್ಮೇಶ್ ನಕ್ಕುಬಿಟ್ಟ. “ಅಲ್ಲ ಅಜ್ಜಿ, ಸಾರಿಗೆ ಉಪ್ಪೆಷ್ಟು ಅಂತ ಹೇಳ್ರಿ, ಕೇಳಾಣ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬಾರದು. ಹಿಂಗೇ ಜೀವ ಹೋಗಾದು.”

ಸಾವಂತ್ರಮ್ಮ ಸೊಸೆಯ ಕಡೆ ನೋಡಲಿಲ್ಲ. ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡರು.

“ಹೂಂನಪ್ಪ,” ಎಂದರು, “ಹಿಂಗೇ ಹೋಗಾದು.”