ಯಂತ್ರಕ್ಕೆ ಗೊತ್ತಿದ್ದ ಮುಖ

ಮುಖ ನೋಡಿ ಹಾಜರಿ ಹಾಕುವ ಹೊಸ ಯಂತ್ರದೆದುರು ವಿಶಾಲಾಕ್ಷಿ ಟೀಚರ್ ನಗುನಗುತ್ತಾ ನಿಂತರು.

"ಗುರುತು ಸಿಗಲಿಲ್ಲ," ಎಂದಿತು ಯಂತ್ರ.

ತಪಾಸಣೆಗೆ ಬಂದಿದ್ದ ಸಾಹೇಬರು ಹುಬ್ಬೇರಿಸಿದರು. "ಏನಮ್ಮ, ನಿಮ್ಮ ಹೆಸರಲ್ಲಿ ಬೇರೆ ಯಾರೋ ಪಾಠ ಮಾಡ್ತಿದ್ದಾರಾ?"

ಟೀಚರಿಗೆ ಭೂಮಿಗಿಳಿದು ಹೋದಂತಾಯಿತು. "ಅಯ್ಯೋ, ನಾನೇ ಸಾರ್! ಇದನ್ನ ಹಾಕಿದ ದಿನ ನನ್ನ ಫೋಟೊ ತೆಗೆಯೋ ಹೊತ್ತಿಗೆ ಸರಿಯಾಗಿ ಮಕ್ಕಳು ಗಲಾಟೆ ಮಾಡಿದ್ರು, ನಾನು ಗದರಿಸಿದೆ. ಆ ಮುಖಾನೇ ಇದರ ತಲೇಲಿ ಕೂತಿದೆ. ನಿಮ್ಮೆದುರಿಗೆ ಹೇಗೆ ಮಾಡ್ಲಿ?"

"ಮಾಡಿ, ಮಾಡಿ. ಹೆದರೋಕೆ ನಾನೇನು ಒಂದನೇ ಕ್ಲಾಸಿನವನಾ?"

ಟೀಚರ್ ಸೆರಗು ಸಿಕ್ಕಿಸಿದರು. ಕಣ್ಣು ಕೆಕ್ಕರಿಸಿ ಯಂತ್ರದತ್ತ ಗುಡುಗಿದರು. "ಏಯ್, ಕೂತ್ಕೊಳ್ರೋ! ಬಾಯಿ ಮೇಲೆ ಬೆರಳು!"

"ಹಾಜರಿ ದಾಖಲಾಗಿದೆ," ಎಂದಿತು ಯಂತ್ರ.

"ಈಗ ನಂಬಿಕೆ ಬಂತಾ ಸಾರ್?" ಎಂದು ಟೀಚರ್ ಹಿಂತಿರುಗಿದರೆ, ಸಾಹೇಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಾಯಿಯ ಮೇಲೆ ಬೆರಳಿಟ್ಟು ಕೂತಿದ್ದರು.