ಕ್ಯಾಪ್ಟನರಿಗೆ ನುಡಿನಮನ

"ಅಲ್ಲಿ ಕೂರುದು ಬೇಡ. ಅದು ಕ್ಯಾಪ್ಟನರ ಮನೆಯವರಿಗೆ ಇಟ್ಟದ್ದು."

ಪುತ್ತೂರಿನ ಸಭಾಭವನದ ಮುಂದಿನ ಸಾಲಿನಲ್ಲಿ ಕೂರಹೊರಟ ಮುದುಕ ಅರ್ಧಕ್ಕೇ ನಿಂತ. ಮಾಸಿದ ಪಂಚೆ, ಹೆಗಲಲ್ಲಿ ಬೈರಾಸು, ಕಾಲಿಗೆ ರಬ್ಬರ್ ಚಪ್ಪಲಿ. ಸೇವಾ ಬಳಗದ ಅಧ್ಯಕ್ಷ ಹರಿಪ್ರಸಾದ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಾನು ಡೊಂಬಯ್ಯ. ಬೆಳ್ಳಾರೆಯಿಂದ, ಕ್ಯಾಪ್ಟನರ ಮನೆಯಿಂದಲೇ ಬಂದದ್ದು."

"ಅಲ್ಲಿ ಎಂತ ಮಾಡುದು ನೀವು?"

"ಅಡುಗೆ ನಂದೇ. ಬಟ್ಟೆ ಒಗೆಯುದು, ದನದ ಕೆಲಸ, ಎಲ್ಲಾ. ಕ್ಯಾಪ್ಟನರಿಗೆ ಪುರುಸೊತ್ತು ಎಲ್ಲಿತ್ತು?"

"ಹಾಗಾದರೆ ನೀನು ಹಿಂದೆ ಹೋಗಿ ಕೂತುಕೋ ಮಾರಾಯ."

ಡೊಂಬಯ್ಯ ಹಿಂದಿನ ಸಾಲಿಗೆ ಹೋಗಿ ಕೂತ.

ಹರಿಪ್ರಸಾದ್ ಕ್ಯಾಪ್ಟನರನ್ನು ಕಂಡವನೇ ಅಲ್ಲ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದಿತ್ತು: ನಿವೃತ್ತ ಸೇನಾಧಿಕಾರಿ ಕ್ಯಾಪ್ಟನ್ ಆರ್.ಕೆ. ಬೆಳ್ಳಾರೆ ಇನ್ನಿಲ್ಲ, ಇಪ್ಪತ್ತೆರಡು ವರ್ಷ ಸುಳ್ಯ, ಕಡಬದ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಶುಶ್ರೂಷೆ ಮಾಡಿದ್ದರು. ಬಳಗಕ್ಕೆ ಆ ತಿಂಗಳು ಬೇರೆ ಕಾರ್ಯಕ್ರಮವಿರಲಿಲ್ಲ. ಸೈನ್ಯದ ಹೆಸರು ಹೇಳಿದರೆ ಜನ ಸೇರುತ್ತಾರೆ. ಫೋಟೋ ಹುಡುಕುವ ತಾಪತ್ರಯವೇ ಬೇಡವೆಂದು ಬ್ಯಾನರಿನಲ್ಲಿ ಬಂದೂಕು ಹಿಡಿದ ಮೀಸೆಯ ಯೋಧನೊಬ್ಬನ ಚಿತ್ರ ಹಾಕಿಸಿದ್ದ.

ಒಳಗೊಳಗೇ ಅವನಿಗೆ ತಾತ್ಸಾರ. ಕ್ಯಾಪ್ಟನ್ ಆದವರು ಎರಡೆರಡು ಬಸ್ಸು ಬದಲಿಸಿ ಕೊಯಿಲದಂಥ ಹಳ್ಳಿಗೆ ಹೋಗಿ ಯಾರದೋ ಬೆನ್ನಹುಣ್ಣು ತೊಳೆಯುವುದೆಂದರೇನು? ಒಂದು ಸನ್ಮಾನವಿಲ್ಲ, ಒಂದು ಫಲಕವಿಲ್ಲ. ಬದುಕಲು ಬಾರದ ಮನುಷ್ಯ.

ಆ ರೋಗಿಗಳ ಮನೆಯವರನ್ನು ಅವನು ಕರೆದಿರಲಿಲ್ಲ. ಬಂದರೆ ಊಟದ ಎಲೆ ನೂರು ಹೆಚ್ಚಾಗುತ್ತಿತ್ತು.

ನಿವೃತ್ತ ಉಪನ್ಯಾಸಕ ಯಜ್ಞೇಶ್ವರ ಮೈಕ್ ಹಿಡಿದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕ್ಯಾಪ್ಟನರೂ ನಾನೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಎರಡು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರು."

ಬಳಗದ ಕಾರ್ಯದರ್ಶಿ ಸಂಪ್ರೀತ್ ಉಪನ್ಯಾಸಕರನ್ನೂ ಮೀರಿಸಿದ. "ಆ ಮೀಸೆ ಕಂಡೇ ನನಗೆ ದೇಶಭಕ್ತಿ ಹುಟ್ಟಿದ್ದು."

ಹಿಂದಿನ ಸಾಲಿನಲ್ಲಿ ಡೊಂಬಯ್ಯ ಬೈರಾಸನ್ನು ಬಾಯಿಗೆ ಒತ್ತಿಕೊಂಡಿದ್ದ. ಹೆಗಲೆರಡೂ ಕುಲುಕುತ್ತಿದ್ದವು. ಅಡುಗೆಯವನಿಗೂ ಅಳು ಬರಿಸಿದೆವಲ್ಲ ಎಂದು ಹರಿಪ್ರಸಾದನಿಗೆ ಹೆಮ್ಮೆಯಾಯಿತು.

ಕೊನೆಯಲ್ಲಿ ಅವನು ಸೀರೆ, ಹಣ್ಣು ಇಟ್ಟ ಹರಿವಾಣ ಎತ್ತಿಕೊಂಡ. ಮುಂದಿನ ಸಾಲಿನಲ್ಲಿ ನಾಲ್ಕಾರು ಹೆಂಗಸರಿದ್ದರು. ಅವರಲ್ಲಿ ಒಬ್ಬರು ಇರಲೇಬೇಕು.

"ಇಂಥ ವೀರನ ಬೆನ್ನಿಗೆ ನಿಂತ ಮಹಾತಾಯಿ, ಕ್ಯಾಪ್ಟನರ ಧರ್ಮಪತ್ನಿ, ದಯವಿಟ್ಟು ವೇದಿಕೆಗೆ ಬರಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ. ಹರಿಪ್ರಸಾದ್ ಮತ್ತೊಮ್ಮೆ ಕರೆದ. ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಡೊಂಬಯ್ಯ ಎದ್ದು ನಿಂತಿದ್ದ.

"ಹೆಂಡತಿ ಇನ್ನು ಎಲ್ಲಿಂದ ಬರುದು ಮಾರಾಯ್ರೆ? ತೀರಿಹೋದದ್ದೇ ಅವಳಲ್ಲವಾ, ನನ್ನ ರಾಜೀವಿ. ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಕ್ಯಾಪ್ಟನ್ ಆದವಳು. ನಾನು ಗಂಡ."