ವೈಸಿಗೆ ಬಿಗಿದ ಪಿಸ್ತೂಲು

ಇರಣ್ಣ ಹೊಡೆದ ಐದು ಗುಂಡುಗಳೂ ಗುರಿಹಾಳೆಯ ತುಂಬ ಚೆದುರಿದ್ದವು. ಮಗಳಿಗೆಂದು ಕೊಳ್ಳಲು ನೋಡುತ್ತಿದ್ದ ಏರ್ ಪಿಸ್ತೂಲನ್ನು ಅವನು ಮೇಜಿನ ಮೇಲಿಟ್ಟು, ಶೂಟಿಂಗ್ ಸಾಮಾನಿನ ಅಂಗಡಿಯ ಮನುವನ್ನು ದಿಟ್ಟಿಸಿದ. "ನಳಿಗಿ ಸೊಟ್ಟ ಐತ್ರಿ. ಎನ್‌ಸಿಸಿಯೊಳಗ ಪದಕ ಗೆದ್ದ ಕೈ ಇದು, ಸುಳ್ಳು ಹೇಳಂಗಿಲ್ಲ."

"ಹೊಸಬರೆಲ್ಲ ಇದರಲ್ಲೇ ಕಲಿಯೋದು ಸಾರ್. ಕಮ್ಮಿ ರೇಟು ಅಂತ ಅನುಮಾನ ಪಡ್ಬೇಡಿ," ಎಂದ ಮನು. ಮುಂದಿನ ವಾರವೇ ಮೊದಲ ಶೂಟಿಂಗ್ ಸ್ಪರ್ಧೆಯಿದ್ದ ಮಗಳು ಶೀತಲ್ ಅಪ್ಪನ ಮುಖ ನೋಡಿದಳು. ಪೀಣ್ಯದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತ ಬಂದಿರುವ ಇರಣ್ಣ ಬಾಯಿಮಾತನ್ನು ನಂಬುವವನಲ್ಲ. ವಸ್ತುಗಳನ್ನು ಅಲುಗದಂತೆ ಕಚ್ಚಿ ಹಿಡಿಯುವ ರಿಪೇರಿ ಮೇಜಿನ ವೈಸಿನಲ್ಲಿ ರಬ್ಬರ್ ತುಂಡುಗಳ ನಡುವೆ ಪಿಸ್ತೂಲನ್ನು ತಾನೇ ಬಿಗಿದು, ತಾನೇ ಮತ್ತೆ ಐದು ಗುಂಡು ಹಾರಿಸಿದ.

ಶೀತಲ್ ಓಡಿಹೋಗಿ ಹಾಳೆ ತಂದಳು. ಐದಕ್ಕೂ ಸೇರಿ ಒಂದೇ ತೂತು. "ಪಿಸ್ತೂಲ್ ಸರಿಯಾಗೇ ಇದೆ ಅಪ್ಪಾ!"

ಇರಣ್ಣ ಹಾಳೆಯಿಂದ ಕಣ್ಣು ತೆಗೆದು ತನ್ನ ಬಲಗೈ ನೋಡಿಕೊಂಡ. ಒಂದೊಂದು ಸಲ ಒಂದೊಂದು ಅಳತೆ ತೋರಿಸುತ್ತವೆಂದು, ಕಾರ್ಖಾನೆಯ ಎರಡು ಮೈಕ್ರೋಮೀಟರುಗಳನ್ನು ಈ ತಿಂಗಳಷ್ಟೇ ಅವನು ಕೆಟ್ಟವೆಂದು ಬದಿಗಿಟ್ಟಿದ್ದ. ಮನು ನಗುತ್ತಾ ಪಿಸ್ತೂಲನ್ನು ಬಿಚ್ಚಿ ಚಾಚಿದ. "ಈಗ ಕೈಯಲ್ಲಿ ಹಿಡಿದು ಇನ್ನೊಂದ್ಸಲ ಹೊಡೀರಿ ಸಾರ್."

"ಬ್ಯಾಡ್ರಿ, ಇದನ್ನೇ ಪ್ಯಾಕ್ ಮಾಡ್ರಿ," ಎಂದ ಇರಣ್ಣ, ಬಲಗೈಯನ್ನು ಮೆಲ್ಲಗೆ ಜೇಬಿಗಿಳಿಸುತ್ತ.